ರೆವರೆಂಡ್ ಕಿಟ್ಟೆಲ್ ಮತ್ತು ನಮ್ಮ ಶನಿವಾರದ ಕ್ಲಾಸು

ಬಿ.ಕಾಂ. ಓದುವವನಿಗೆ ವ್ಯಾಕರಣದ ಉಸಾಬರಿ ಯಾಕೆ ಎಂದು ಓದುಗ ಮಿತ್ರರು ಕೇಳಬಹುದು. ಕೇಳುವುದು ಸಹಜವೇ. ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ತಲೆ ಎತ್ತಲು ಪುರುಸೊತ್ತಿಲ್ಲದ ನಾನು, ಒಬ್ಬ ಜರ್ಮನ್ ಪಾದ್ರಿಯ ಜೀವನಚರಿತ್ರೆ ಬರೆಯಲು ಕೂತದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಸಾಹಿತ್ಯ ಮಂಡಳಿಯವರು ಶನಿವಾರ ಲೆಕ್ಚರು ಮುಗಿದ ಮೇಲೆ ಕನ್ನಡ ಬಾರದವರಿಗಾಗಿ ಒಂದು ಕ್ಲಾಸು ಶುರು ಮಾಡಿದರು. ಮಂಡಳಿಯ ಹೆಚ್ಚಿನ ಸದಸ್ಯರು ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಇಂಗ್ಲಿಷ್ ಶಾಲೆಗೆ ಹೋದವರು. ಹತ್ತನೇ ಇಯತ್ತೆಯವರೆಗೆ ಬಿಜಾಪುರದ ಕಡೆ ಕನ್ನಡ ಶಾಲೆಯಲ್ಲಿ ಓದಿ ಬಂದವನು ನಾನೊಬ್ಬನೇ. ಆದ್ದರಿಂದ ಕಲಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಈ ಕಾಲೇಜಿಗೆ ಬಂದ ಮೇಲೆ ಇಂಗ್ಲಿಷಿನ ಕಾರಣದಿಂದ ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತವನಿಗೆ, ಮೊದಲ ಸಲ ಬೋರ್ಡಿನ ಮುಂದೆ ನಿಲ್ಲುವ ಅವಕಾಶ ಸಿಕ್ಕಿತ್ತು.

ಖುಷಿ ಎರಡೇ ವಾರ ಉಳಿಯಿತು. ಕ್ಲಾಸಿಗೆ ಬರುವ ಏಳು ಜನರಲ್ಲಿ ನನ್ನ ಬೆಂಚಿನ ಗೆಳೆಯನೂ ಒಬ್ಬ, ಮರಾಠಿಯವನು. ಅವನ ತಾಯಿಯ ತಾಯಿ ಅಕ್ಕಲಕೋಟೆಯ ಕಡೆಯವರು, ಹುಟ್ಟಿನಿಂದ ಮನೆಮಾತು ಕನ್ನಡ. ಮದುವೆಯಾಗಿ ಮರಾಠಿ ಮನೆಗೆ ಬಂದು ಐವತ್ತು ವರ್ಷ ಮರಾಠಿಯನ್ನೇ ಆಡಿದವರು, ಹೋದ ವರ್ಷ ಹಾಸಿಗೆ ಹಿಡಿದ ಮೇಲೆ ಮರಾಠಿಯನ್ನು ಮರೆತವರಂತೆ ಬರೀ ಕನ್ನಡದಲ್ಲೇ ಮಾತಾಡುತ್ತಾರೆ. ಮೊಮ್ಮಗ ಪಕ್ಕದಲ್ಲಿ ಮೂಕನ ಹಾಗೆ ನಿಲ್ಲುತ್ತಾನೆ. ಅದಕ್ಕೇ ಅವನು ಕ್ಲಾಸಿಗೆ ಸೇರಿದ್ದು.

ಅವನು ಕೇಳಿದ ಮೊದಲನೆಯ ಪ್ರಶ್ನೆಗೇ ನಾನು ತಬ್ಬಿಬ್ಬಾದೆ. ಮಾಡು ಎಂಬ ಕ್ರಿಯಾಪದಕ್ಕೆ ಆಜ್ಞೆ ಮಾಡು, ನೋಡು ಎಂಬುದಕ್ಕೆ ನೋಡು, ಹಾಗಾದರೆ ಬರು ಎಂಬುದಕ್ಕೆ ಬಾ ಯಾಕೆ? ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಹಿಂದಿಯ ನಹೀ ಒಂದಕ್ಕೆ ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ, ಬಾರದು, ಕೂಡದು ಎಂದು ಇಷ್ಟೊಂದು ಯಾಕೆ? ಆಡಲು ಬರುತ್ತದೆ, ಯಾಕೆಂದು ಹೇಳಲು ಬಾರದು. ಹೈಸ್ಕೂಲಿನಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಗಿಳಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಆ ಪದಗಳು ನೆನಪಿದ್ದವು, ಆದರೆ ಅವುಗಳೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ಜಾರಿಕೊಂಡೆ.

ಅದೇ ವಾರ ಅನಾಹುತವಾಯಿತು. ಅಜ್ಜಿಯ ತಂಗಿ ಊರಿಂದ ಫೋನ್ ಮಾಡಿದರು. ಅವರಿಗೂ ವಯಸ್ಸಾಗಿದೆ, ಕಿವಿ ಮಂದ. ಗೆಳೆಯನ ದನಿ ಕೇಳಿ ಅಜ್ಜಿಯೇ ಮಾತಾಡುತ್ತಿದ್ದಾಳೋ ಎಂದು ಕನ್ನಡದಲ್ಲಿ ವಿಚಾರಿಸಿದರು. ಇವನು ಕಲಿತ ಕನ್ನಡವನ್ನೆಲ್ಲ ಕೂಡಿಸಿ ಅಜ್ಜಿ ಇಲ್ಲ ಎಂದುಬಿಟ್ಟ. ಅಜ್ಜಿ ಅಲ್ಲ, ನಾನು ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆಚೆ ಕಡೆ ಗೊಳೋ ಎಂದು ಅಳು. ಬೆಳಗಾಗುವುದರೊಳಗೆ ಆ ಮುದುಕಿ ಇಬ್ಬರು ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ ಬಂದು ನೋಡಿದರೆ, ಅಕ್ಕ ಹಾಸಿಗೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಳೆ! ಎಲ್ಲರೂ ನಕ್ಕರಂತೆ. ಗೆಳೆಯ ಮಾತ್ರ ನಗಲಿಲ್ಲ. ನನಗೂ ನಗು ಬರಲಿಲ್ಲ, ಏಕೆಂದರೆ ಇಲ್ಲಕ್ಕೂ ಅಲ್ಲಕ್ಕೂ ಇರುವ ಅಂತರವನ್ನು ಮುಂದಿನ ವಾರಕ್ಕೆ ತಳ್ಳಿದವನು ನಾನೇ.

ಆಗ ಕನ್ನಡದವರದೊಂದು ಗ್ರಂಥಾಲಯಕ್ಕೆ ಹೋಗಿ ಹುಡುಕಿದಾಗ ಸಿಕ್ಕಿದ್ದು ಕಿಟ್ಟೆಲ್ಲರ ವ್ಯಾಕರಣದ ಮರುಮುದ್ರಣ. ತೆರೆದರೆ ಎಲ್ಲಾ ಇಂಗ್ಲಿಷು. ನನ್ನ ತಾಯಿನುಡಿಯ ವ್ಯಾಕರಣ ನನಗೆ ಓದಲು ಬಾರದು! ಕೊನೆಗೆ ಒಂದು ಉಪಾಯ ಮಾಡಿದೆವು. ಇಂಗ್ಲಿಷನ್ನು ಗೆಳೆಯ ಓದುವುದು, ಉದಾಹರಣೆಗಳ ಕನ್ನಡವನ್ನು ನಾನು ಬಿಡಿಸುವುದು. ಹೀಗೆ ಓದುತ್ತಾ ಓದುತ್ತಾ ಈ ಪುಸ್ತಕ ಬರೆದವರು ಯಾರು, ಇವರಿಗೆ ಯಾಕೆ ಬೇಕಿತ್ತು ಇದು ಎಂಬ ಕುತೂಹಲ ಹುಟ್ಟಿತು. ಮುಂದಿನದು ಅದರ ಫಲ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿಗಳು. ಆ ಸೀಮೆಯ ಜನ ಮನೆಯಲ್ಲಿ ಆಡುವ ಮಾತೇ ಬೇರೆ, ಪುಸ್ತಕದಲ್ಲಿ ಬರುವ ಜರ್ಮನ್ನೇ ಬೇರೆ. ನಮ್ಮ ಬಿಜಾಪುರದ ಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವಷ್ಟು ದೂರ ಅಲ್ಲಿಯೂ ಇತ್ತೆಂದು ತೋರುತ್ತದೆ. ಹುಡುಗ ಶಾಲೆಯಲ್ಲಿ ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತ. ಹದಿನೆಂಟರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದ.

ಬಾಸೆಲ್ ಮಿಶನ್ ಎಂಬುದು 1815ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದರ ಜನ ಮಂಗಳೂರಿಗೆ ಬಂದದ್ದು 1834ರಲ್ಲಿ. ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ಹೆಸರು ಬೇರೆ ಕಾರಣಕ್ಕೂ ಗೊತ್ತಿರಬೇಕು: ಮಂಗಳೂರು ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ, ಅಚ್ಚುಕೂಟ ಎಲ್ಲವನ್ನೂ ನಡೆಸಿದವರು ಇವರೇ. ಕನ್ನಡದ ಮೊದಲ ವೃತ್ತಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರೂ ಇದೇ ಮಿಶನ್ನಿನವರು. ಸ್ಟೆನ್ಸಿಲ್ ಕೊರೆದು, ಕೈಗೆ ಮಸಿ ಬಳಿದುಕೊಂಡು ಪತ್ರಿಕೆ ತೆಗೆಯುವ ನಮ್ಮಂಥವರಿಗೆ ಅವರು ಒಂದು ರೀತಿಯಲ್ಲಿ ಹಿರಿಯಣ್ಣ.

ಕಿಟ್ಟೆಲ್ಲರು ಭಾರತಕ್ಕೆ ಬಂದದ್ದು 1853ರಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವಯಸ್ಸು, ನನಗಿಂತ ಒಂದೇ ವರ್ಷ ಹೆಚ್ಚು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ, ಅದು 1869ರ ಮಾತು. ಅಷ್ಟು ದೂರ ಹೊರಟವನು ಮನೆಯವರನ್ನು ಮತ್ತೆ ಯಾವಾಗ ನೋಡುತ್ತೇನೋ ಎಂಬ ಲೆಕ್ಕ ಇಟ್ಟುಕೊಂಡು ಹೊರಡುತ್ತಿರಲಿಲ್ಲ. ಬಂದವರು ಧಾರವಾಡ, ಮಂಗಳೂರು, ಮಡಿಕೇರಿ ಎಂದು ಕನ್ನಡ ನಾಡಿನ ಬೇರೆ ಬೇರೆ ಕಡೆ ಕೆಲಸ ಮಾಡಿದರು. ಕನ್ನಡ ಒಂದೇ ಅಲ್ಲ, ಊರಿಗೊಂದು ಎಂಬುದು ಅವರ ಕಿವಿಗೆ ಬಿದ್ದದ್ದು ಈ ತಿರುಗಾಟದಲ್ಲಿಯೇ ಇರಬೇಕು. ಧಾರವಾಡದವರು ಬರ್ರಿ ಎಂದರೆ ಮಂಗಳೂರಿನವರು ಬನ್ನಿ ಎನ್ನುತ್ತಾರೆ. ಕಲಿಯುವವನು ಯಾವುದನ್ನು ಹಿಡಿಯಬೇಕು?

ಕಲಿಯಲು ಪುಸ್ತಕಗಳೇ ಇರಲಿಲ್ಲವೆಂದಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲೂ, ಮೆಕೆರೆಲ್ ಎಂಬವರ ವ್ಯಾಕರಣ 1820ರಲ್ಲಿ ಮದರಾಸಿನಲ್ಲೂ ಅಚ್ಚಾಗಿದ್ದವು. ರೀವ್ ಎಂಬ ಪಾದ್ರಿಗಳ ನಿಘಂಟು 1824 ಮತ್ತು 1832ರಲ್ಲಿ ಬಂದಿತ್ತು. ಇವೆಲ್ಲ ಹೊರಗಿನಿಂದ ಬಂದವರು ಹೊರಗಿನಿಂದ ಬರುವವರಿಗಾಗಿ ಬರೆದ ಪುಸ್ತಕಗಳು. ಕಿಟ್ಟೆಲ್ಲರು ಇಷ್ಟಕ್ಕೇ ನಿಲ್ಲಲಿಲ್ಲ. ಕನ್ನಡಿಗರೇ ತಮ್ಮ ಭಾಷೆಯ ಬಗ್ಗೆ ಏನು ಹೇಳಿಕೊಂಡಿದ್ದಾರೆ ಎಂದು ಹುಡುಕಿಕೊಂಡು ಓಲೆಗರಿಗಳ ಬೆನ್ನು ಹತ್ತಿದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿ ಬಂತು. ಅದರ ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ದೀರ್ಘವಾದ ಪ್ರಬಂಧವನ್ನೂ ಬರೆದರು. ಇದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸುಗಳಲ್ಲಿ ಕಥಾಮಾಲೆ ಎಂದು ಬರೆದಿದ್ದರು.

ಹೀಗೆಂದ ಮಾತ್ರಕ್ಕೆ ಅವರನ್ನು ಕನ್ನಡಕ್ಕಾಗಿಯೇ ಬಂದ ಅವತಾರಪುರುಷ ಎಂದು ಹಾಡಿ ಹೊಗಳುವುದು ಸರಿಯಲ್ಲ. ಅವರು ಬಂದದ್ದು ಮತಪ್ರಚಾರಕ್ಕೆ. ಯಜ್ಞದ ಬಗ್ಗೆ ಒಂದು ಪುಸ್ತಿಕೆ, ಲಿಂಗಪೂಜೆಯ ಹುಟ್ಟಿನ ಬಗ್ಗೆ ಇನ್ನೊಂದು ಬರೆದರು. ನಮ್ಮ ಮನೆಯ ಹಿರಿಯರಿಗೆ ಅವನ್ನು ಓದಿ ಹೇಳಿದರೆ ಸಿಟ್ಟು ಬರಬಹುದು. ಆದರೆ ಮತಪ್ರಚಾರದ ಲೆಕ್ಕದಲ್ಲಿ ಕಿಟ್ಟೆಲ್ಲರದು ನಷ್ಟದ ವ್ಯಾಪಾರ. ಅವರಿಂದ ಮತಾಂತರವಾದವರು ಬಹಳ ಕಡಿಮೆ. ಮಿಶನ್ನಿನ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ಇವರೋ ಉತ್ತರದವರು. ಇಲ್ಲಿಯ ಜನರ ನಡುವೆ ಅವರ ಹಾಗೆಯೇ ಬದುಕಬೇಕೆಂಬ ಇವರ ಹಂಬಲವೂ ಮಿಶನ್ನಿಗೆ ಸರಿಬೀಳಲಿಲ್ಲ. ಒಟ್ಟಿನಲ್ಲಿ ತಮ್ಮವರ ನಡುವೆಯೇ ಅವರು ಒಂಟಿ.

ಮನೆಯ ಕಡೆಯೂ ಸುಖ ಹೆಚ್ಚಿರಲಿಲ್ಲ. 1860ರಲ್ಲಿ ಪೌಲಿನ್ ಎಂಬಾಕೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಆಮೇಲೆ ಆಕೆಯ ಸಹೋದರಿ ಜೂಲಿಯವರನ್ನು ಮದುವೆಯಾದರು. ಹೆಂಡತಿ ತೀರಿದ ಮೇಲೆ ಅವಳ ಅಕ್ಕನನ್ನೋ ತಂಗಿಯನ್ನೋ ತರುವುದು ನಮ್ಮ ಕಡೆಯೂ ನಡೆಯುವ ಮಾತೇ, ಅದನ್ನು ಓದಿದಾಗ ಆ ದೂರದ ಮನುಷ್ಯ ಒಮ್ಮೆಗೇ ಹತ್ತಿರದವರಂತೆ ಕಂಡರು.

ನಿಘಂಟಿನ ಕೆಲಸ ಸುಮಾರು ಇಪ್ಪತ್ತು ವರ್ಷ ನಡೆಯಿತು. ನಡುವೆ ಊರಿಗೆ ಹೋಗಿದ್ದವರು, ಐವತ್ತು ದಾಟಿದ ವಯಸ್ಸಿನಲ್ಲಿ ಈ ಕೆಲಸಕ್ಕಾಗಿಯೇ ಮತ್ತೆ ಇಲ್ಲಿಗೆ ಬಂದರು. ಪಂಡಿತರ ನೆರವು ಪಡೆದು ಹಳೆಯ ಕಾವ್ಯಗಳಿಂದ ಪದ ಹೆಕ್ಕಿದರು. ಕಾವ್ಯದ ಪದಗಳ ಜೊತೆಗೆ ಜನರ ಬಾಯಿಮಾತು, ಗಾದೆಗಳು ಕೂಡ ಅದರಲ್ಲಿ ಸೇರಿದವು. ಒಂದೊಂದು ಪದದ ಮುಂದೆ ತಮಿಳು, ತೆಲುಗು, ಮಲೆಯಾಳ, ತುಳುವಿನಲ್ಲಿ ಅದರ ನೆಂಟರು ಯಾರೆಂದು ಗುರುತಿಸಿದರು. 1892ರಲ್ಲಿ ಅವರು ಕೊನೆಯ ಸಲ ಭಾರತವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕನ್ನಡ ಇಂಗ್ಲಿಷ್ ನಿಘಂಟು ಹೊರಬಿತ್ತು. ಸುಮಾರು 70,000 ಪದ, 1,700ಕ್ಕೂ ಮೀರಿದ ಪುಟ. ಕಂಪ್ಯೂಟರ್ ಬಿಡಿ, ಫೌಂಟನ್ ಪೆನ್ನೂ ಅಪರೂಪವಾಗಿದ್ದ ಕಾಲ. ಮೊದಲ ವರ್ಷದಲ್ಲಿ ಮೂವತ್ತು ಲೆಡ್ಜರ್ ಖಾತೆ ಕೈಯಲ್ಲಿ ಬರೆದು ಬೆರಳು ನೋಯಿಸಿಕೊಂಡವನಿಗೆ ಇದರ ಅಂದಾಜು ಸ್ವಲ್ಪ ಆಗುತ್ತದೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇಷ್ಟಾದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಟ್ಯೂಬಿಂಗನ್ನಿನಲ್ಲಿ ಕೂತು ವ್ಯಾಕರಣ ಬರೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಅಕ್ಕಪಕ್ಕ ಇಟ್ಟು, ಕೇಶಿರಾಜನ ಕೈ ಬಿಡದೆ ಬರೆದ ಪುಸ್ತಕ ಅದು. 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ಲರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲಿಯತೊಡಗಿದ ಭಾಷೆಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ವ್ಯಾಕರಣ!

ಈಗ ನನ್ನ ಗೆಳೆಯನ ಪ್ರಶ್ನೆಗಳಿಗೆ ಬರುತ್ತೇನೆ. ಹಳೆಯ ರೂಪ ಹೊಸ ರೂಪಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಹಳೆಯ ಧಾತು ಬರ್, ಅದರ ಜೊತೆಗಾರ ತರ್. ಇವೆರಡೂ ಆಜ್ಞೆಯಲ್ಲಿ ದೀರ್ಘವಾಗಿ ಬಾ, ತಾ ಆಗುತ್ತವೆ. ನಿಷೇಧದಲ್ಲಿಯೂ ದೀರ್ಘವೇ: ಬಾರನು, ಬಾರದು, ತಾರನು, ತಾರದು. ಅಂದರೆ ಬಾ ಎಂಬ ಆಜ್ಞೆಯೂ ಮಾಡಬಾರದು ಎಂಬುದರ ಬಾಲದಲ್ಲಿರುವ ಬಾರದೂ ಒಂದೇ ಮನೆಯ ಮಕ್ಕಳು. ದಿನಕ್ಕೆ ನೂರು ಸಲ ಆಡುವ ಈ ಎರಡು ಮಾತುಗಳ ನಂಟು ನನಗೆ ಇಪ್ಪತ್ತು ವರ್ಷ ಗೊತ್ತಾಗಲಿಲ್ಲ.

ನಿಷೇಧದ ಮಾತು ಇನ್ನೂ ಸೋಜಿಗದ್ದು. ಜರ್ಮನ್ನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಿಷೇಧಕ್ಕೆ ಒಂದು ಬೇರೆ ಪದ ಇಟ್ಟುಕೊಂಡು ವಾಕ್ಯದಲ್ಲಿ ಸೇರಿಸುತ್ತಾರೆ. ಹಳೆಯ ಕನ್ನಡದಲ್ಲಿ ಕ್ರಿಯಾಪದವೇ ಒಳಗಿನಿಂದ ಇಲ್ಲವೆನ್ನುತ್ತದೆ. ಮಾಡೆನು, ಮಾಡನು, ಮಾಡಳು, ಮಾಡರು, ಮಾಡದು. ಇದರಲ್ಲಿ ಬೇರೆ ನಕಾರದ ಪದವೂ ಇಲ್ಲ, ಕಾಲವನ್ನು ತೋರಿಸುವ ಪ್ರತ್ಯಯವೂ ಇಲ್ಲ. ಕಾಲದ ಗುರುತು ತೆಗೆದುಹಾಕಿ ಪುರುಷದ ಗುರುತನ್ನು ನೇರವಾಗಿ ಹಚ್ಚಿದರೆ ನಿಷೇಧವಾಯಿತು. ನಡೆಯದೇ ಹೋದ ಕೆಲಸಕ್ಕೆ ಕಾಲ ಎಲ್ಲಿಂದ ಬರಬೇಕು? ಈ ರೂಪ ಸತ್ತುಹೋಗಿದೆ, ಪುಸ್ತಕದಲ್ಲಿ ಮಾತ್ರ ಇದೆ ಎಂದು ನಾನು ತಿಳಿದಿದ್ದೆ. ಆದರೆ ನಮ್ಮ ಕಡೆ ಹಟ ಹಿಡಿದ ಕೂಸು ಉಣ್ಣಲು ಕರೆದರೆ ಒಲ್ಲೆ ಎನ್ನುತ್ತದಲ್ಲ, ಅದು ಇದೇ. ಉಣ್ಣದೆ ಮಲಗಿತು ಎಂಬಲ್ಲಿ ಉಣ್ಣದೆ ಇದೇ. ಆಗದು, ಕೂಡದು, ಬಾರದು ಎಲ್ಲ ಇದೇ. ನಿಷೇಧಾರ್ಥಕ ಎಂದು ನಾನು ಗಿಳಿಪಾಠ ಮಾಡಿದ್ದು ನಮ್ಮವ್ವನ ಅಡಿಗೆಮನೆಯಲ್ಲಿ ದಿನಾ ಕೇಳುತ್ತಿದ್ದುದನ್ನೇ.

ಕ್ಲಾಸಿನಲ್ಲಿ ಇದನ್ನೆಲ್ಲ ಹೇಳಿದರೆ ಏಳು ಜನರಲ್ಲಿ ಆರು ಜನ ಓಡಿಹೋಗುತ್ತಾರೆ. ಕಲಿಯುವವರಿಗೆ ಬೇಕಾದದ್ದು ಬೇರೆ. ಬೇಡವನ್ನು ಮರಾಠಿಯವರಿಗೆ ಕಲಿಸುವುದು ಬಲು ಸುಲಭ ಎಂದು ನಾವಿಬ್ಬರೂ ಕೂತು ಕಂಡುಕೊಂಡೆವು. ಅವರ ನಕೋ ನಮ್ಮ ಬೇಡದ ಹಾಗೆಯೇ ಎರಡು ಕೆಲಸ ಮಾಡುತ್ತದೆ. ಚಹಾ ಕೊಟ್ಟರೆ ನಕೋ, ಹೋಗುವವನನ್ನು ತಡೆದರೂ ನಕೋ. ನಮ್ಮಲ್ಲಿ ಚಹಾ ಬೇಡ, ಹೋಗಬೇಡ. ಗೌರವ ಬೇಕಾದಾಗ ಅವರು ತಡೆಯುವ ಮಾತಿನಲ್ಲಿ ನಕಾ ಎನ್ನುತ್ತಾರೆ, ನಾವು ಹೋಗಬೇಡಿ ಎನ್ನುತ್ತೇವೆ. ಇಲ್ಲ ಅಲ್ಲಗಳಿಗೆ ಮಾತ್ರ ಒಂದು ಸೂತ್ರ ಮಾಡಿದೆವು. ಇದೆಯೋ ಎಂಬ ಪ್ರಶ್ನೆಗೆ ಇಲ್ಲ, ಇದೋ ಎಂಬ ಪ್ರಶ್ನೆಗೆ ಅಲ್ಲ. ಸರ್ ಇಲ್ಲ ಎಂದರೆ ಸರ್ ಬಂದಿಲ್ಲ, ಕ್ಯಾಂಟೀನಿಗೆ ಹೋಗಬಹುದು. ಸರ್ ಅಲ್ಲ ಎಂದರೆ ಬಂದವನು ಪ್ಯೂನು, ಆದರೂ ಕೂತಿರುವುದು ಒಳ್ಳೆಯದು. ಇದನ್ನು ಯಾರೂ ಮರೆಯಲಿಲ್ಲ.

ಆದರೆ ಒಂದು ಕಡೆ ನಾನು ಮತ್ತೆ ತಪ್ಪಿದೆ. ಹಿರಿಯರಿಗೆ ಬನ್ನಿ, ಕೂತುಕೊಳ್ಳಿ, ಮಾಡಿ ಎಂದೇ ಹೇಳಬೇಕೆಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಅಡಿಗೆರೆ ಎಳೆದಿದ್ದೆ. ಗೆಳೆಯ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಅಜ್ಜಿ ಏಳಲು ಹೋದಾಗ ಏಳಬೇಡಿ, ಮಲಗಿಕೊಳ್ಳಿ ಎಂದನಂತೆ. ವ್ಯಾಕರಣದಲ್ಲಿ ಒಂದು ಕಾಮಾ ಕೂಡ ತಪ್ಪಿರಲಿಲ್ಲ. ಅಜ್ಜಿ ಮುಖ ಆಚೆ ತಿರುಗಿಸಿದರು. ತನ್ನನ್ನು ಹೊರಗಿನವಳ ಹಾಗೆ ಮಾತಾಡಿಸುತ್ತಾನಲ್ಲ ಎಂದು ಮಗಳ ಹತ್ತಿರ ಬೇಜಾರು ಮಾಡಿಕೊಂಡರಂತೆ. ನಮ್ಮ ಕಡೆ ಅವ್ವನಿಗೆ, ಅಜ್ಜಿಗೆ, ದೇವರಿಗೆ ಏಕವಚನವೇ ಎಂಬುದನ್ನು ಹೇಳಲು ನಾನು ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಸುಳ್ಳು. ಪುಸ್ತಕದ ಕನ್ನಡ ಕಲಿಸಿದರೆ ಮಂಡಳಿಯವರ ಎದುರು ನನ್ನ ಮರ್ಯಾದೆ ಹೆಚ್ಚೆಂದು, ನಮ್ಮ ಹಳ್ಳಿಯ ಬಾ, ಹೋಗು, ಬ್ಯಾಡಗಳನ್ನು ಬೇಕೆಂದೇ ಮುಚ್ಚಿಟ್ಟಿದ್ದೆ.

ಕಿಟ್ಟೆಲ್ಲರು ಮುಚ್ಚಿಡಲಿಲ್ಲ. ಕಾವ್ಯದ ಪದವನ್ನೂ ಬಾಯಿಮಾತಿನ ಗಾದೆಯನ್ನೂ ಒಂದೇ ನಿಘಂಟಿನಲ್ಲಿ ಕೂರಿಸಿದರು. ಹೊರಗಿನಿಂದ ಬಂದವರಿಗೆ ನಾಚಿಕೆ ಪಡಲು ಕಾರಣವಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ನಾಚಿಕೆ ಪಡಲು ನನಗೆ ತಾನೇ ಏನು ಕಾರಣವಿತ್ತು?

ಕಿಟ್ಟೆಲ್ಲರ ನಿಘಂಟು ಅವರ ಕಾಲಕ್ಕೇ ಮುಗಿಯಲಿಲ್ಲ. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಹೊರನಾಡಿನಲ್ಲಿರುವ ನಾವು ನೆನಪಿಡಬೇಕಾದ ಮಾತಿದು: ಆ ಹೊಸ ನಿಘಂಟು ಬಂದದ್ದೂ ಹೊರನಾಡಿನಿಂದಲೇ. ಬೆಂಗಳೂರಿನಲ್ಲಿ ಕಿಟ್ಟೆಲ್ಲರ ಪ್ರತಿಮೆ ನಿಲ್ಲಿಸಿದ್ದಾರೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಮಿಶನ್ನಿನ ಜಮಾಖರ್ಚಿನಲ್ಲಿ ನಷ್ಟವೆಂದು ಬರೆದ ಬದುಕು ನಮ್ಮ ಖಾತೆಗೆ ಪೂರ್ತಿ ಜಮೆಯಾಯಿತು.

ಹೋದ ಭಾನುವಾರ ಗೆಳೆಯನ ಜೊತೆ ಅವರ ಮನೆಗೆ ನಾನೂ ಹೋಗಿದ್ದೆ. ಅಜ್ಜಿ ನಮ್ಮನ್ನು ನೋಡಿ ಏಳಲು ಹೊರಟರು. ಗೆಳೆಯ ಅವರ ಭುಜ ಹಿಡಿದು, ಏಳಬ್ಯಾಡ ಅಜ್ಜಿ, ಮಲಕೋ ಎಂದ. ಅಜ್ಜಿ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ಆಮೇಲೆ ಮಲಗಲೂ ಇಲ್ಲ, ಸುಮ್ಮನಾಗಲೂ ಇಲ್ಲ. ಐವತ್ತು ವರ್ಷದ ಬಾಕಿ ತೀರಿಸುವವರ ಹಾಗೆ ಒಂದರ ಮೇಲೊಂದು ಆಜ್ಞೆ ಹೊರಡಿಸಿದರು. ಕೂಡು ಎಂದರು, ತಿನ್ನು ಎಂದರು, ಬಿಸಿಲಾಗ ತಿರುಗಬ್ಯಾಡ ಎಂದರು, ಉಂಡು ಹೋಗು ಎಂದರು. ಗೆಳೆಯನಿಗೆ ಎಲ್ಲವೂ ಅರ್ಥವಾಯಿತು. ಇಬ್ಬರೂ ಉಂಡೇ ಬಂದೆವು.

ಮುಂದಿನ ಶನಿವಾರ ಭೂತಕಾಲದ ಪಾಠ. ಬಂದ, ತಂದ, ಹೋದ, ಕೊಟ್ಟ, ನಕ್ಕ. ಒಂದಕ್ಕೊಂದು ಹೊಂದದ ಈ ರೂಪಗಳು ಯಾಕೆ ಹೀಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಸಲ ಜಾರಿಕೊಳ್ಳುವ ಹಾಗಿಲ್ಲ. ಕಿಟ್ಟೆಲ್ಲರ ಪುಸ್ತಕವನ್ನು ಇನ್ನೂ ಹದಿನೈದು ದಿನಕ್ಕೆ ರಿನ್ಯೂ ಮಾಡಿಸಿದ್ದೇನೆ. ಕ್ಲಾಸಿಗೆ ಬರಬೇಕೆನ್ನುವ ಮಿತ್ರರಿಗೆ ಬನ್ನಿ ಎನ್ನಲೋ, ಬರ್ರಿ ಎನ್ನಲೋ? ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ ಕರೆದೆನೆಂದು ತಿಳಿದುಕೊಳ್ಳಿ.